ಬಿಡಬೇಕಾದ ಮಾತ್ರೆ



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಹಿರಿಯರನ್ನು ನಾವೆಲ್ಲ ‘ಕಾಕಾ’ ಎನ್ನುತ್ತಿದ್ದೆವು. ಇಂದೂ ಹಾಗೆಯೇ ಕರೆಯುತ್ತೇನೆ. ಬೀದರ್ ಕಡೆಯಿಂದ ಬಂದು, ಹೈದರಾಬಾದಿನ ನಮ್ಮ ಈ ಜೀಡಿಮೆಟ್ಲಾದ ಪಕ್ಕದ ಬಾಲಾನಗರದ ಐಡಿಪಿಎಲ್ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿ ದುಡಿದವರು ಅವರು. 1961ರಲ್ಲಿ ಹುಟ್ಟಿದ ಆ ಸರ್ಕಾರಿ ಸಂಸ್ಥೆಯಲ್ಲಿ ಪಳಗಿದವರೇ ಮುಂದೆ ಈ ಸುತ್ತಿನ ಎಷ್ಟೋ ಔಷಧ ಕಾರ್ಖಾನೆಗಳನ್ನು ಕಟ್ಟಿದರು. 1984ರಲ್ಲಿ ಡಾ. ರೆಡ್ಡೀಸ್ ಕಂಪನಿ ಆರಂಭಿಸಿದ ಅಂಜಿ ರೆಡ್ಡಿಯವರೂ ಅಲ್ಲಿದ್ದವರೇ. ಕಾಕಾ ಅವರ ಹೆಸರಿನ ವೇದಿಕೆಯಲ್ಲಿ ಮಾತಾಡುವ ಭಾಗ್ಯ ಸಿಕ್ಕಿದ್ದಕ್ಕೆ ನಾನು ಋಣಿ.

1948ರ ಫಾರ್ಮಸಿ ಕಾಯ್ದೆ, 2008ರಲ್ಲಿ ಶುರುವಾದ ಫಾರ್ಮ್.ಡಿ. ಕೋರ್ಸು, ಮೈಸೂರಿನ ಜೆಎಸ್‌ಎಸ್ ಕಾಲೇಜಿನವರು 1990ರ ದಶಕದಲ್ಲೇ ಫಾರ್ಮಸಿಸ್ಟರನ್ನು ಕೌಂಟರಿನಿಂದ ವಾರ್ಡಿಗೆ ಕರೆದೊಯ್ದದ್ದು, ಫಾರ್ಮಸಿಸ್ಟರಾದ ನಮ್ಮ ವೃತ್ತಿಯ ಈ ಚರಿತ್ರೆಯೆಲ್ಲ ಪುಸ್ತಕಗಳಲ್ಲಿ ಸಿಗುತ್ತದೆ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಬೇಕೆಂಬುದನ್ನೂ ನಿಮಗೆ ಹೇಳಬೇಕಿಲ್ಲ. ನನ್ನ ಮಾತು ನುಂಗಬಾರದ ಮಾತ್ರೆಯ ಬಗ್ಗೆ.

ಹುಮನಾಬಾದ್ ಕಡೆಯ ಒಬ್ಬ ರೈತ ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಸ್ಟೆಂಟ್ ಹಾಕಿಸಿಕೊಂಡು, ಶಾಪುರ್ ನಗರದ ಮಗಳ ಮನೆಯಲ್ಲಿ ಉಳಿದಿದ್ದರು. ನಾಲ್ಕನೇ ದಿನ ಅವರ ಹೆಂಡತಿ ನನ್ನ ಬಳಿ ಬಂದರು. “ನಸುಕಿನ್ಯಾಗ ಮೈ ಬೆವತು ಗಡಗಡ ನಡುಗ್ತಾರ್ರಿ” ಎಂದರು. ನಾನು ಮನೆಗೆ ಹೋಗಿ ಔಷಧದ ಚೀಲ ತೆರೆಸಿದೆ. ಊರಿನಿಂದ ತಂದ ಆಸ್ಪಿರಿನ್ ಇತ್ತು. ಆಸ್ಪತ್ರೆ ಕೊಟ್ಟ ಕ್ಯಾಪ್ಸೂಲಿನಲ್ಲೂ ಆಸ್ಪಿರಿನ್ ಇತ್ತು, ಜೊತೆಗೆ ಕ್ಲೋಪಿಡೋಗ್ರೆಲ್ ಮತ್ತು ಅಟೋರ್ವಾಸ್ಟಾಟಿನ್. ಸಕ್ಕರೆ ಕಾಯಿಲೆಯ ಗ್ಲಿಮಿಪಿರೈಡ್ ಎರಡು ಕಂಪನಿಗಳ ಎರಡು ಹೆಸರಿನಲ್ಲಿತ್ತು. “ಎಲ್ಲಾ ತಪ್ಪದ ನುಂಗ್ಲಾಕತ್ತೀನ್ರಿ ಸಾಹೇಬ್ರ. ಹಳೇವು ಬಿಡಂತ ಯಾರೂ ಹೇಳಿಲ್ರಿ” ಎಂದರು ಆ ರೈತ.

ಡಿಸ್ಚಾರ್ಜ್ ಸಮ್ಮರಿಯನ್ನು ನಾನು ಎರಡು ಸಲ ಓದಿದೆ. ಅದರಲ್ಲಿ ತಪ್ಪಿರಲಿಲ್ಲ. ತೆಗೆದುಕೊಳ್ಳಬೇಕಾದದ್ದೆಲ್ಲ ಸರಿಯಾಗಿ ಬರೆದಿತ್ತು. ಬಿಡಬೇಕಾದದ್ದರ ಸಾಲೇ ಇರಲಿಲ್ಲ. ಆ ಮನುಷ್ಯ ಔಷಧವನ್ನು ಅಲಕ್ಷ್ಯ ಮಾಡಿದವರಲ್ಲ, ಅತಿ ಶ್ರದ್ಧೆಯಿಂದ ನುಂಗಿದವರು. ಆ ಶ್ರದ್ಧೆಯೇ ಅವರ ರಕ್ತದ ಸಕ್ಕರೆಯನ್ನು ಅಪಾಯಕ್ಕೆ ಇಳಿಸಿತ್ತು. ಅಂದಿನಿಂದ ನಾನು ತೆರೆಸಿದ ಚೀಲಗಳಲ್ಲಿ ಮರೆತ ಮಾತ್ರೆಗಿಂತ ಜೋಡಿಯಾದ ಮಾತ್ರೆಯೇ ನನ್ನನ್ನು ಹೆಚ್ಚು ಹೆದರಿಸಿದೆ.

ಇದಕ್ಕೆ ಮದ್ದು ಜೆನೆರಿಕ್ ಹೆಸರು ಎನ್ನುವ ಮಿತ್ರರಿದ್ದಾರೆ. ಅವರ ಕಾಳಜಿಯನ್ನು ಗೌರವಿಸುತ್ತೇನೆ, ವಾದವನ್ನು ಒಪ್ಪುವುದಿಲ್ಲ. ಔಷಧದ ಮೂಲ ಹೆಸರು ಬ್ರ್ಯಾಂಡ್ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿರಬೇಕೆಂಬ ನಿಯಮ 2018ರಲ್ಲೇ ಬಂತು. ವೈದ್ಯರು ಜೆನೆರಿಕ್ ಹೆಸರನ್ನೇ ಬರೆಯಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟಿನಲ್ಲಿ ಹೊರಡಿಸಿದ ನಿಯಮಾವಳಿ ಅದೇ ತಿಂಗಳು ತಡೆಹಿಡಿಯಲ್ಪಟ್ಟಿತು. ಅದು ಜಾರಿಯಾಗಿದ್ದರೂ ಇಂಗ್ಲಿಷ್ ಅಕ್ಷರ ಬಾರದವರಿಗೆ ಏನು ಉಪಯೋಗ? ಆ ಹೆಸರನ್ನು ಅವರ ಪರವಾಗಿ ಓದಿ, ‘ಇವೆರಡೂ ಒಂದೇ’ ಎಂದು ಅವರ ನುಡಿಯಲ್ಲಿ ಹೇಳುವವರು ಬೇಕು.

ಇನ್ನೊಂದು ಬಣದ ವಾದ ಗಟ್ಟಿಯಾದದ್ದು. ಫಾರ್ಮಸಿಸ್ಟರ ಮನೆಭೇಟಿಯಿಂದ ಪ್ರಯೋಜನವಿಲ್ಲ, ಹಾನಿಯೇ ಆದೀತು ಎನ್ನುತ್ತಾರೆ ಅವರು. ಅವರ ಆಧಾರ ಇಂಗ್ಲೆಂಡಿನ ‘ಹೋಮರ್’ ಅಧ್ಯಯನ. ರಿಚರ್ಡ್ ಹಾಲೆಂಡ್ ಮತ್ತು ಸಂಗಡಿಗರು 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ್ದು. ಆಸ್ಪತ್ರೆಯಿಂದ ಮನೆಗೆ ಮರಳಿದ, 80 ದಾಟಿದ ವೃದ್ಧರನ್ನು ಫಾರ್ಮಸಿಸ್ಟರು ಎರಡು ಸಲ ಭೇಟಿಯಾದರು. ಆ ಗುಂಪಿನವರು ಮತ್ತೆ ಆಸ್ಪತ್ರೆ ಸೇರಿದ್ದು ಭೇಟಿ ಇಲ್ಲದವರಿಗಿಂತ ಶೇ. 30ರಷ್ಟು ಹೆಚ್ಚು. ನಮ್ಮ ವೃತ್ತಿಯವರು ಈ ಅಂಕಿಯನ್ನು ಮುಚ್ಚಿಡಬಾರದು. ನಾನು ಅದನ್ನು ಪ್ರತಿ ತರಗತಿಯಲ್ಲೂ ಮೊದಲು ಹೇಳುತ್ತೇನೆ.

ಆದರೆ ಅಲ್ಲಿ ನಡೆದದ್ದೇನೆಂದು ನೋಡಿ. ಫಾರ್ಮಸಿಸ್ಟರು ತಿಳಿವಳಿಕೆ ಹೇಳಿದರು, ಅವಧಿ ಮೀರಿದ ಔಷಧ ತೆಗೆಸಿದರು, ಕಂಡ ತೊಂದರೆಯನ್ನು ವೈದ್ಯರಿಗೆ ತಿಳಿಸಿದರು. ಚೀಟಿಯನ್ನು ತಿದ್ದುವ ಅಧಿಕಾರ ವೈದ್ಯರದು, ಚೀಲವನ್ನು ಕಂಡ ಕಣ್ಣು ಫಾರ್ಮಸಿಸ್ಟರದು. ಇಬ್ಬರೂ ಕೂಡಿ ಕೂತು ನಿರ್ಧರಿಸುವ ಏರ್ಪಾಡು ಇಲ್ಲದಿದ್ದರೆ ಭೇಟಿಯಿಂದ ರೋಗಿಯ ಆತಂಕ ಹೆಚ್ಚೀತು, ಔಷಧ ಬದಲಾಗದು. ಇದು ನನ್ನ ಓದು. ಸ್ವೀಡನ್ನಿನ ಉಪ್ಸಾಲಾದಲ್ಲಿ ಅದೇ ವಯಸ್ಸಿನ 400 ವೃದ್ಧರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫಾರ್ಮಸಿಸ್ಟರು ವಾರ್ಡಿನಲ್ಲೇ ವೈದ್ಯರ ಜೊತೆ ಕೆಲಸ ಮಾಡಿದ ಗುಂಪಿನಲ್ಲಿ ಆಸ್ಪತ್ರೆ ಭೇಟಿ ಶೇ. 16ರಷ್ಟು ಕಡಿಮೆಯಿತ್ತು. 2018ರ ಡೆನ್ಮಾರ್ಕ್ ಅಧ್ಯಯನ ನನಗೆ ಇನ್ನೂ ಮುಖ್ಯ. ಅಲ್ಲಿ ಔಷಧದ ಪಟ್ಟಿಯನ್ನಷ್ಟೇ ಪರಿಶೀಲಿಸಿದ ಗುಂಪಿಗೆ ಲಾಭವಾಗಲಿಲ್ಲ. ರೋಗಿಯ ಜೊತೆ ಮತ್ತೆ ಮತ್ತೆ ಮಾತಾಡಿ, ಊರಿನ ವೈದ್ಯರನ್ನೂ ಔಷಧಾಲಯವನ್ನೂ ಸಂಪರ್ಕಿಸಿದ ಗುಂಪಿನಲ್ಲಿ ಮರುದಾಖಲಾತಿ ಕಡಿಮೆಯಾಯಿತು. ಎಲ್ಲ ಅಧ್ಯಯನಗಳೂ ಹೀಗೆ ಗೆಲ್ಲುವುದಿಲ್ಲ. ಉಪ್ಸಾಲಾದವರೇ ಮುಂದಾಗಿ ನಡೆಸಿ 2021ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಆಸ್ಪತ್ರೆ ಭೇಟಿ ಇಳಿಯಲಿಲ್ಲ. ಆದರೂ ‘ಫಾರ್ಮಸಿಸ್ಟ್ ಬೇಕೋ ಬೇಡವೋ’ ಎಂಬ ಪ್ರಶ್ನೆಯೇ ತಪ್ಪು. ಯಾರ ಜೊತೆ ಸೇರಿ, ಎಷ್ಟನೇ ದಿನ, ಏನನ್ನು ಬದಲಿಸುವ ದಾರಿಯೊಂದಿಗೆ ಎಂದು ಕೇಳಬೇಕು.

ಇಂಗ್ಲೆಂಡು 2021ರ ಫೆಬ್ರುವರಿಯಿಂದ ಒಂದು ವ್ಯವಸ್ಥೆ ತಂದಿದೆ. ಆಸ್ಪತ್ರೆಯು ರೋಗಿಯ ಬಡಾವಣೆಯ ಔಷಧಾಲಯಕ್ಕೆ ಬದಲಾವಣೆಗಳನ್ನು ತಿಳಿಸುತ್ತದೆ, ಅಲ್ಲಿನ ಫಾರ್ಮಸಿಸ್ಟ್ ಹಳೆಯ ಪಟ್ಟಿಯನ್ನೂ ಹೊಸ ಪಟ್ಟಿಯನ್ನೂ ಹೋಲಿಸುತ್ತಾರೆ. ನಮ್ಮಲ್ಲಿ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ರೋಗಿಗೆ ತಿಳಿವಳಿಕೆ ಹೇಳುವುದನ್ನು ಫಾರ್ಮಸಿಸ್ಟರ ಕರ್ತವ್ಯವೆಂದೇ ಬರೆದಿದೆ. ಆದರೆ ಆ ತಿಳಿವಳಿಕೆಯೆಲ್ಲ ಅಂಗಡಿಯಿಂದ ಹೊರಡುವ ಔಷಧದ ಸುತ್ತಲೇ ತಿರುಗುತ್ತದೆ. ಮನೆಯಲ್ಲಿ ಮೊದಲೇ ಕೂತಿರುವ ಔಷಧವನ್ನು ಕೇಳುವವರಿಲ್ಲ. ಬೀದರ್, ಕಲಬುರಗಿಯಿಂದ ಇಲ್ಲಿಗೆ ಬಂದು ಚಿಕಿತ್ಸೆ ಪಡೆದು ರಾಜ್ಯದ ಗಡಿ ದಾಟಿ ಮರಳುವವರ ಪಾಡಂತೂ ಹೇಳತೀರದು. ಇಲ್ಲಿನ ಬ್ರ್ಯಾಂಡ್ ಅಲ್ಲಿ ಸಿಗದು, ಅಲ್ಲಿನ ಅಂಗಡಿಯವರು ಮೂರನೆಯದೊಂದನ್ನು ಕೊಡುತ್ತಾರೆ.

ಚೀಲ ತೆರೆದು ನೋಡದೆ ಗೊತ್ತಾಗದ ಇನ್ನೊಂದು ತಪ್ಪು ಇನ್ಸುಲಿನ್‌ನದು. ನಮ್ಮ ಬಾಟಲಿಗಳು ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್ಟಿನವು. 100ರ ಗುರುತಿನ ಸಿರಿಂಜಿನಲ್ಲಿ ಅದನ್ನು ಅಷ್ಟೇ ಗೆರೆಗೆ ಎಳೆದರೆ ಒಳಗೆ ಹೋಗುವುದು ಬೇಕಾದದ್ದರ ಶೇ. 40 ಮಾತ್ರ. ಇದು ಫೋನಿನಲ್ಲಿ ಕೇಳಿದರೆ ತಿಳಿಯುವುದಿಲ್ಲ, ಸಿರಿಂಜನ್ನು ಕೈಯಲ್ಲಿ ಹಿಡಿದು ನೋಡಬೇಕು.

ಕಾಕಾ ತಮ್ಮ ಮನೆಯಲ್ಲಿ ಔಷಧಕ್ಕೆ ಎರಡು ಡಬ್ಬಿ ಇಟ್ಟಿದ್ದರು. ಡಾಕ್ಟರು ನಿಲ್ಲಿಸಿದ್ದೆಲ್ಲ ಎರಡನೆಯದಕ್ಕೆ ಹೋಗುತ್ತಿತ್ತು, ಅದಕ್ಕೆ ದಾರ ಸುತ್ತಿರುತ್ತಿದ್ದರು. ಪ್ರತಿ ಸ್ಟ್ರಿಪ್ಪಿನ ಮೇಲೆ ಕನ್ನಡದಲ್ಲಿ ಮೂಲ ಹೆಸರನ್ನು ಬರೆಯುತ್ತಿದ್ದರು. ಆಸ್ಪತ್ರೆಗಳಿಂದ ನಾನು ಕೇಳುವುದೂ ಅಷ್ಟೇ: ಡಿಸ್ಚಾರ್ಜ್ ಚೀಟಿಯಲ್ಲಿ ‘ನಿಲ್ಲಿಸಿದ ಔಷಧಗಳು’ ಎಂಬ ಒಂದು ಅಂಕಣ, ಮನೆ ಸೇರಿದ ಮೂರು ದಿನದೊಳಗೆ ಚೀಲ ತೆರೆದು ನೋಡುವ ಒಬ್ಬ ಫಾರ್ಮಸಿಸ್ಟ್, ಅವರ ಕರೆಗೆ ಓಗೊಡುವ ಒಬ್ಬ ವೈದ್ಯರು.

ನಿಮ್ಮಲ್ಲೂ ಒಂದು ವಿನಂತಿ. ಮನೆಯಲ್ಲಿ ಯಾರಾದರೂ ಆಸ್ಪತ್ರೆಯಿಂದ ಬಂದಿದ್ದರೆ ಹಳೆಯದು, ಹೊಸದು ಎಲ್ಲವನ್ನೂ ಒಂದೇ ಚೀಲದಲ್ಲಿ ತುಂಬಿ, ಚೀಟಿಯ ಸಮೇತ ನಾಳೆಯೇ ಫಾರ್ಮಸಿಸ್ಟರಿಗೋ ವೈದ್ಯರಿಗೋ ತೋರಿಸಿ. ಅವರು ಹೇಳುವ ತನಕ ಯಾವುದನ್ನೂ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.