ಶ್ರುತಿಕವೆ ಹೇಳಿದ್ದು, ಹೇಳದೆ ಬಿಟ್ಟದ್ದು

(ಸುವರ್ಣ ಮಹೋತ್ಸವದ ಎರಡನೇ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್ ಎಂದು ಅಚ್ಚಾಗಿದೆ. ಕಂಪ್ಯೂಟರ್ ಬಗ್ಗೆ ಏನೋ ಹೇಳುತ್ತಾನೆ ಎಂದು ಮಕ್ಕಳು ಕಾದಿರಬಹುದು. ಅದನ್ನು ಹೇಳುವುದಕ್ಕೆ ನನಗಿಂತ ಬಲ್ಲವರು ಇದ್ದಾರೆ. ನಾನು ಕಿವಿಯ ಬಗ್ಗೆ ಮಾತಾಡುತ್ತೇನೆ. ನಾನು ಡಾಕ್ಟರಲ್ಲ, ಕಿವಿಯ ಆಪರೇಷನ್ ಮಾಡಿಸಿಕೊಂಡ ರೋಗಿ. ಈಗ ನೀವೇ ನೋಡಿದಿರಿ, ನಿರೂಪಕರು ಎಡಗಡೆಯಿಂದ ನನ್ನ ಹೆಸರು ಎರಡು ಸಲ ಕೂಗಿದರೂ ನಾನು ಎದ್ದೇಳಲಿಲ್ಲ. ಅದು ಜಂಬವಲ್ಲ.

ನನ್ನ ಎಡಗಿವಿ ಮೂರನೇ ಕ್ಲಾಸಿನಿಂದ ಸೋರುತ್ತಿತ್ತು. ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಡುತ್ತಿದ್ದಳು. ಯಾರೋ ಹೇಳಿದರೆಂದು ಸೊಪ್ಪಿನ ರಸವೂ ಆಯಿತು. ತುರಿಕೆಯಾದರೆ ಕೋಳಿಪುಕ್ಕ. ಮಳೆಗಾಲದಲ್ಲಿ ಕೆರೆಗೆ ಬಿದ್ದು ಬಂದ ಮೇಲೆ ಇನ್ನಷ್ಟು ಸೋರಿಕೆ. ಪೇಟೆಯ ಔಷಧಿ ಅಂಗಡಿಯಲ್ಲಿ ಒಂದು ಡ್ರಾಪ್ಸ್ ಕೊಡುತ್ತಿದ್ದರು, ಹಾಕಿದಾಗ ನಿಂತು ಹದಿನೈದು ದಿನಕ್ಕೆ ಮತ್ತೆ ಶುರುವಾಗುತ್ತಿತ್ತು. ತೋರಿಸಿದ ಒಬ್ಬ ವೈದ್ಯರು ಕಿವಿಯೊಳಗೆ ಬೆಳಕು ಹಾಕಿ ನೋಡದೆ, ‘ಮಕ್ಕಳಿಗೆ ಇದೆಲ್ಲ ಇದ್ದದ್ದೇ, ದೊಡ್ಡವನಾದರೆ ಹೋಗುತ್ತೆ’ ಎಂದರು. ನೋವು ಇರಲಿಲ್ಲವಲ್ಲ, ಮನೆಯವರೂ ನಂಬಿದರು. ನೋವಿಲ್ಲದ್ದೇ ಈ ಕಾಯಿಲೆಯ ಮೋಸ. ಇದ್ದದ್ದು ವಾಸನೆ ಮಾತ್ರ. ಇಲ್ಲಿ ಬೆಂಚಿನ ಮೇಲೆ ನನ್ನ ಎಡಕ್ಕೆ ಯಾರೂ ಕೂರುತ್ತಿರಲಿಲ್ಲ. ಒಬ್ಬ ಗೆಳೆಯ ಮಾತ್ರ ಕೂರುತ್ತಿದ್ದ, ಯಾಕೆಂದರೆ ಅವನ ಎರಡು ಕಿವಿಯೂ ಸೋರುತ್ತಿತ್ತು. ಅವನು ಈ ಶಾಮಿಯಾನದಲ್ಲೇ ಇದ್ದಾನೆ. ಹೆಸರು ಹೇಳಬೇಡ, ಮಿಕ್ಕದ್ದೆಲ್ಲ ಹೇಳು ಅಂದಿದ್ದಾನೆ.

2002-03ನೇ ಸಾಲು, ಒಂಬತ್ತನೇ ತರಗತಿ, ಶಬ್ದದ ಪಾಠ. ವಿಜ್ಞಾನದ ಮೇಷ್ಟ್ರು ಬೀರುವಿನಿಂದ ಶ್ರುತಿಕವೆ ತಂದು, ರಬ್ಬರ್ ತುಂಡಿಗೆ ಹೊಡೆದು, ಅದರ ಬುಡವನ್ನು ಒಬ್ಬೊಬ್ಬರ ಹಣೆಗೆ ಒತ್ತಿ ‘ಎಲ್ಲಿ ಕೇಳ್ತದೆ?’ ಎಂದು ಕೇಳುತ್ತಾ ಬಂದರು. ಶಬ್ದ ಘನವಸ್ತುವಿನಲ್ಲೂ ಹರಿಯುತ್ತದೆ ಎಂದು ತೋರಿಸುವುದಷ್ಟೇ ಅವರ ಉದ್ದೇಶ. ಎಲ್ಲರೂ ‘ನಡುವೆ ಸಾರ್’, ‘ತಲೆ ತುಂಬ ಸಾರ್’ ಎಂದರು. ನಾನು ‘ಎಡಗಿವಿಯಲ್ಲಿ ಸಾರ್’ ಎಂದೆ. ಕ್ಲಾಸೇ ನಕ್ಕಿತು. ಕಿವುಡಗಿವಿಯಲ್ಲಿ ಜೋರಾಗಿ ಕೇಳುವುದು ಎಂದರೇನು! ಮೇಷ್ಟ್ರು ಮತ್ತೆ ಹೊಡೆದು ಇಟ್ಟರು. ಮತ್ತೆ ಎಡಗಡೆಯೇ. ಅವರು ನಗಲಿಲ್ಲ.

ಈಗ ನೀವೆಲ್ಲ ಒಂದು ಕೆಲಸ ಮಾಡಿ. ಬೆರಳಿನಿಂದ ಒಂದು ಕಿವಿ ಮುಚ್ಚಿಕೊಂಡು, ಬಾಯಿ ತೆರೆಯದೆ ‘ಮ್‌ಮ್‌ಮ್’ ಎನ್ನಿ. (ಸಭೆಯಲ್ಲಿ ಗುಂಯ್ ಎಂಬ ಸದ್ದು, ನಗು.) ಯಾವ ಕಿವಿಯಲ್ಲಿ ಜೋರು? ಮುಚ್ಚಿದ ಕಿವಿಯಲ್ಲಿ. ಗಾಳಿಯಿಂದ ಬರುವ ಗದ್ದಲ ಆ ಕಿವಿಗೆ ತಲುಪುವುದಿಲ್ಲ, ತಲೆಬುರುಡೆಯ ಮೂಳೆಯಲ್ಲಿ ಬಂದ ಸದ್ದು ಅಲ್ಲೇ ಎದ್ದು ಕೇಳುತ್ತದೆ. ನನ್ನದೂ ಅದೇ ಕಥೆ. ಒಳಗಿವಿಯ ನರ ಚೆನ್ನಾಗಿತ್ತು, ಅಲ್ಲಿಗೆ ಹೋಗುವ ದಾರಿ ಕೆಟ್ಟಿತ್ತು. ಜರ್ಮನಿಯ ವೆಬರ್ 1834ರಲ್ಲಿ ವಿವರಿಸಿದ ಸಂಗತಿ ಇದು. ಇವತ್ತಿಗೂ ಕಿವಿ ಡಾಕ್ಟರುಗಳು ಇದನ್ನೇ ಮಾಡುತ್ತಾರೆ. ನಮ್ಮ ಮೇಷ್ಟ್ರಿಗೆ ವೆಬರ್ ಹೆಸರು ಗೊತ್ತಿರಲಿಲ್ಲ. ಆದರೆ ಮಾರನೇ ದಿನವೇ ಅಪ್ಪನನ್ನು ಕರೆಸಿ, ‘ಇದು ಎಣ್ಣೆಗೆ ಹೋಗೋದಲ್ಲ, ಬೆಂಗಳೂರಿಗೆ ಕರಕೊಂಡು ಹೋಗಿ’ ಎಂದರು.

ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ನನ್ನ ಬಾಯಿ, ಮೂಗು ನೋಡಿದರು. ‘ಕಿವಿ ತೋರಿಸೋಕೆ ಬಂದ್ರೆ ಮೂಗು ನೋಡ್ತಾರಲ್ಲ’ ಎಂದು ಅಪ್ಪ ಗೊಣಗಿದರು. ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ಸಣ್ಣ ನಾಳವಿದೆ. ನಡುಗಿವಿಗೆ ಗಾಳಿ ಹೋಗುವುದು ಆ ದಾರಿಯಲ್ಲೇ. ಕಿವಿ, ಮೂಗು, ಗಂಟಲಿಗೆ ಒಬ್ಬರೇ ಡಾಕ್ಟರು ಇರುವುದಕ್ಕೆ ಇದೂ ಒಂದು ಕಾರಣ. ನಾಳ ಸರಿಯಾಗಿ ತೆರೆಯದಿದ್ದರೆ ಒಳಗಿನ ಗಾಳಿಯ ಒತ್ತಡ ಇಳಿದು ತಮಟೆ ಒಳಕ್ಕೆ ಸೆಳೆದುಕೊಳ್ಳುತ್ತದೆ. ಸದಾ ಬಾಯಲ್ಲಿ ಉಸಿರಾಡುವ, ಗೊರಕೆ ಹೊಡೆಯುವ ಚಿಕ್ಕ ಮಕ್ಕಳಲ್ಲಿ ಮೂಗಿನ ಹಿಂದಿನ ಅಡಿನಾಯ್ಡ್ ದಪ್ಪವಾಗಿ, ತಮಟೆಯ ಹಿಂದೆ ಅಂಟುನೀರು ತುಂಬಿಕೊಳ್ಳುವುದುಂಟು. ನೋವಿಲ್ಲ, ಸೋರಿಕೆಯೂ ಇಲ್ಲ, ಕೇಳುವುದು ಮಾತ್ರ ಕಡಿಮೆ. ಬಹಳಷ್ಟು ಮಕ್ಕಳಿಗೆ ಮೂರು ತಿಂಗಳಲ್ಲಿ ತಾನಾಗಿ ಹೋಗುತ್ತದೆ. ಹೋಗದವರನ್ನು ಡಾಕ್ಟರು ನೋಡಬೇಕು. ಅಲ್ಲಿಯವರೆಗೆ ಅವರು ಮನೆಯಲ್ಲಿ ‘ಹೇಳಿದ ಮಾತು ಕೇಳದ’ ಮಕ್ಕಳು.

ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ನನ್ನ ಕಿವಿ ಶುಚಿ ಮಾಡಿ ನೋಡಿದರು. ತಮಟೆಯ ಮೇಲ್ಭಾಗ ಚೀಲದಂತೆ ಒಳಕ್ಕೆ ಹೋಗಿ, ಅದರಲ್ಲಿ ಸತ್ತ ಚರ್ಮ ಪದರ ಪದರವಾಗಿ ಸೇರಿಕೊಂಡು ಬಿಳಿ ಉಂಡೆಯಾಗಿತ್ತು. ಇದರ ಹೆಸರು ಕೊಲೆಸ್ಟಿಯಟೋಮ. 1838ರಲ್ಲಿ ಯೊಹಾನೆಸ್ ಮ್ಯುಲರ್ ಇಟ್ಟ ಈ ಹೆಸರೇ ತಪ್ಪು. ಅದು ಕೊಬ್ಬಿನ ಗೆಡ್ಡೆಯೂ ಅಲ್ಲ, ಕ್ಯಾನ್ಸರೂ ಅಲ್ಲ. ಇರಬಾರದ ಜಾಗಕ್ಕೆ ಸೇರಿದ ಮಾಮೂಲಿ ಚರ್ಮ. ಆದರೆ ಬೆಳೆಯುತ್ತಾ ಮೂಳೆ ತಿನ್ನುತ್ತದೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ಗೊತ್ತಿರುವ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳಲ್ಲಿ ನನ್ನ ಅಡಿಗಲ್ಲನ್ನು ಅಷ್ಟರಲ್ಲೇ ಬಹುಪಾಲು ತಿಂದಿತ್ತು. ಪಕ್ಕದಲ್ಲಿ ಮುಖವನ್ನು ಆಡಿಸುವ ನರ, ಒಳಗೆ ಸಮತೋಲ ಕಾಯುವ ಅಂಗ, ಮೇಲೆ ತೆಳುವಾದ ಮೂಳೆಯ ಆಚೆ ಮಿದುಳು. ಡ್ರಾಪ್ಸ್ ಹಾಕಿದರೆ ಸೋರಿಕೆ ಕಡಿಮೆಯಾಗಬಹುದು, ಉಂಡೆ ಹೋಗುವುದಿಲ್ಲ. ತೆಗೆಯಲೇಬೇಕು.

ಶಬ್ದ ನುಗ್ಗದ ಕೋಣೆಯಲ್ಲಿ ಕೂರಿಸಿ ಆಡಿಯೋಮೆಟ್ರಿ ಮಾಡಿದರು. ಬಲಗಿವಿ ಚೆನ್ನಾಗಿತ್ತು, ಎಡಗಿವಿಗೆ 50 ಡೆಸಿಬೆಲ್ ಬೇಕಾಯಿತು. 20ಕ್ಕೂ 50ಕ್ಕೂ 30 ತಾನೇ ವ್ಯತ್ಯಾಸ ಎನ್ನಬೇಡಿ. ಡೆಸಿಬೆಲ್ ಲೆಕ್ಕದಲ್ಲಿ 10 ಹೆಚ್ಚಾದರೆ ಶಬ್ದದ ಶಕ್ತಿ 10 ಪಟ್ಟು, 30 ಹೆಚ್ಚಾದರೆ 1000 ಪಟ್ಟು. ಈ ಲಾಗರಿದಮ್ ಎಂಜಿನಿಯರಿಂಗಿನಲ್ಲಿ ಬಂದಾಗ ನನಗೆ ಮೊದಲೇ ಪರಿಚಯವಿತ್ತು. ಸಿ.ಟಿ. ಸ್ಕ್ಯಾನ್ ಖರ್ಚಿಗೆ ಅಪ್ಪ ಎರಡು ಕುರಿ ಮಾರಿದರು.

ಆಪರೇಷನ್ ಮೂರೂವರೆ ಗಂಟೆ ಹಿಡಿಯಿತಂತೆ. ಕಿವಿಯ ಹಿಂದೆ ಕೊಯ್ದು, ಅಲ್ಲಿನ ಗಟ್ಟಿ ಮೂಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಪುಟ್ಟ ಡ್ರಿಲ್ಲಿನಿಂದ ಸವೆಸುತ್ತಾರೆ. ಬಿಸಿಯೇರಿ ನರಕ್ಕೆ ಪೆಟ್ಟಾಗದಂತೆ, ಬೋರ್‌ವೆಲ್ ಕೊರೆಯುವಾಗ ಬಿಟ್ಟ ಹಾಗೆ ನೀರು ಬಿಡುತ್ತಲೇ ಇರಬೇಕು. ಸ್ವೀಡನ್ನಿನ ನೈಲೆನ್ 1921ರಲ್ಲಿ ಕಿವಿಯ ಆಪರೇಷನ್ನಿಗೆ ಸೂಕ್ಷ್ಮದರ್ಶಕ ತಂದ. ಅದಕ್ಕೆ ಮುಂಚೆ ಇದನ್ನೆಲ್ಲ ಬರಿಗಣ್ಣಿನಲ್ಲಿ ಮಾಡುತ್ತಿದ್ದರು ಎಂದರೆ ನನಗೆ ಈಗಲೂ ನಂಬಲು ಕಷ್ಟ. ರಿಕಾಪು ಮೂಳೆ ಮೂರು ಮಿಲಿಮೀಟರು, ಅಕ್ಕಿಕಾಳಿಗಿಂತ ಚಿಕ್ಕದು. ಕಿವಿಯ ಮೇಲಿನ ಸ್ನಾಯುವಿಗೆ ಹೊದಿಸಿದ ಬಿಳಿ ಪೊರೆಯನ್ನು ಸ್ವಲ್ಪ ತೆಗೆದು ಹೊಸ ತಮಟೆ ಮಾಡಿದರು. ಎಚ್ಚರವಾದಾಗ ಡಾಕ್ಟರಮ್ಮ ಕೇಳಿದ ಮೊದಲ ಮಾತು, ‘ಕಣ್ಣು ಗಟ್ಟಿಯಾಗಿ ಮುಚ್ಚು, ಈಗ ಹಲ್ಲು ತೋರಿಸು.’ ಮುಖದ ನರ ಉಳಿದಿದೆಯೇ ಎಂದು ನೋಡುವುದಕ್ಕೆ. ಹಲ್ಲು ನೆಟ್ಟಗೆ ಕಂಡವು. ಅವ್ವ ಅಲ್ಲೇ ಅತ್ತಳು.

ಕಿವಿ ಒಣಗಿತು. ವಾಸನೆ ಹೋಯಿತು. ಕೇಳುವುದು ಪೂರ್ತಿ ಬರಲಿಲ್ಲ. ಇದನ್ನು ಡಾಕ್ಟರಮ್ಮ ಮೊದಲೇ ಹೇಳಿದ್ದರು: ಮೊದಲು ಜೀವಕ್ಕೆ ಅಪಾಯ ತಪ್ಪಿಸುವುದು, ಆಮೇಲೆ ಒಣ ಕಿವಿ, ಶ್ರವಣ ಮೂರನೆಯದು. ವರ್ಷಕ್ಕೊಮ್ಮೆ ಹೋಗಿ ಕಿವಿಯ ಗುಳಿ ಶುಚಿ ಮಾಡಿಸಿಕೊಳ್ಳುತ್ತೇನೆ. ಕೆರೆಗೆ ಇಳಿಯುವಂತಿಲ್ಲ, ತಣ್ಣೀರು ಹೋದರೆ ತಲೆ ಗಿರ್ರೆನ್ನುತ್ತದೆ. ಆಫೀಸಿನ ಮೀಟಿಂಗಿನಲ್ಲಿ ಮೇಜಿನ ಎಡತುದಿ ಹಿಡಿಯುತ್ತೇನೆ, ಎಲ್ಲರೂ ನನ್ನ ಬಲಕ್ಕೆ ಬರಲಿ ಎಂದು. ಬೆಂಗಳೂರಿನ ರಸ್ತೆಯಲ್ಲಿ ಹಾರ್ನ್ ಕೇಳುತ್ತದೆ, ಯಾವ ದಿಕ್ಕಿನಿಂದ ಎಂಬುದು ಥಟ್ಟನೆ ತಿಳಿಯುವುದಿಲ್ಲ. ಇಷ್ಟು ಬಿಟ್ಟರೆ ದೂರಿಲ್ಲ.

ಇನ್ನು ನನ್ನ ಗೆಳೆಯನ ವಿಷಯ. ಅವತ್ತು ಮೇಷ್ಟ್ರು ಅವನ ಹಣೆಗೂ ಶ್ರುತಿಕವೆ ಇಟ್ಟಿದ್ದರು. ಅವನು ‘ನಡುವೆ ಸಾರ್’ ಎಂದ. ನಿಜವನ್ನೇ ಹೇಳಿದ. ಎರಡು ಕಿವಿಯೂ ಒಂದೇ ಸಮ ಕೆಟ್ಟಿದ್ದರೆ ಸದ್ದು ಯಾವ ಕಡೆಗೂ ವಾಲುವುದಿಲ್ಲ, ನಡುವೆಯೇ ನಿಲ್ಲುತ್ತದೆ. ನನ್ನನ್ನು ಹಿಡಿದುಕೊಟ್ಟ ಪರೀಕ್ಷೆ ಅವನನ್ನು ಪಾಸು ಮಾಡಿಬಿಟ್ಟಿತು. ನಮ್ಮ ಕೆಲಸದಲ್ಲಿ ಇಂಥದ್ದು ದಿನಾ ನೋಡುತ್ತೇವೆ, ಟೆಸ್ಟ್ ಪಾಸಾಗುತ್ತದೆ, ತಪ್ಪು ಒಳಗೇ ಇರುತ್ತದೆ. 1855ರಲ್ಲಿ ರಿನ್ನೆ ಎಂಬವನು ಹೇಳಿದ ಇನ್ನೊಂದು ವಿಧಾನವಿದೆ: ಅದೇ ಕವೆಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಆಮೇಲೆ ಕಿವಿಯ ಎದುರು ಹಿಡಿದು, ಎಲ್ಲಿ ಜೋರು ಎಂದು ಕೇಳುವುದು. ಒಳ್ಳೆಯ ಕಿವಿಗೆ ಎದುರು ಹಿಡಿದಾಗಲೇ ಜೋರು. ಅರ್ಧ ನಿಮಿಷದ ಕೆಲಸ. ಅದನ್ನು ಮಾಡಿದ್ದರೆ ಅವನೂ ನನ್ನ ಜೊತೆ ಅದೇ ಬಸ್ಸಿನಲ್ಲಿ ಬರುತ್ತಿದ್ದ. ಮೇಷ್ಟ್ರನ್ನು ದೂರುತ್ತಿಲ್ಲ, ಅವರು ಹೇಳಿದ್ದು ಶಬ್ದದ ಪಾಠ. ದೂರಬೇಕಾದದ್ದು ನನ್ನನ್ನು. ಅವನ ಕಿವಿಗಳು ಸೋರುತ್ತವೆ ಎಂದು ಪಕ್ಕದಲ್ಲಿ ಕೂರುತ್ತಿದ್ದ ನನಗೆ ಗೊತ್ತಿತ್ತು. ತಲೆಗೆ ಬ್ಯಾಂಡೇಜು ಕಟ್ಟಿಕೊಂಡು ಊರಿಗೆ ಬಂದ ಮೇಲಾದರೂ ಅಪ್ಪನಿಗೋ ಮೇಷ್ಟ್ರಿಗೋ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ವಾಸನೆಯ ಹುಡುಗ ಎಂಬ ಹೆಸರಿನಿಂದ ಪಾರಾಗಿದ್ದೆ, ಮತ್ತೆ ಆ ಮಾತೇ ಬೇಡವಾಗಿತ್ತು. ಅವನು ಹಿಂದಿನ ಬೆಂಚಿಗೆ ಹೋದ, ‘ಮಂದ’ ಅನ್ನಿಸಿಕೊಂಡ, ಎಸ್ಸೆಸ್ಸೆಲ್ಸಿ ಫೇಲಾದ. ಗಣಿತದಲ್ಲಿ ನನಗಿಂತ ಚುರುಕಾಗಿದ್ದವನು ಅವನು.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವನ ಮುಖ ಒಂದು ಕಡೆಗೆ ವಾಲಿತು. ಗಾಳಿ ಹೊಡೆದಿದೆ ಎಂದು ಮೂರು ದಿನ ಮನೆಯಲ್ಲೇ ಇದ್ದ. ನನಗೆ ಫೋನ್ ಬಂದಾಗ ನಾನು ಕೇಳಿದ್ದು ಒಂದೇ, ‘ಕಿವಿ ಇನ್ನೂ ಸೋರ್ತಾ ಇದೆಯೇನೋ?’ ಬಿಪಿಎಲ್ ಕಾರ್ಡ್ ಹಿಡಿದು ಬೆಂಗಳೂರಿಗೆ ಬಂದ, ಅದೇ ವಾರ ಆಪರೇಷನ್ ಆಯಿತು. ಮುಖ ಮುಕ್ಕಾಲು ಪಾಲು ಸರಿಹೋಗಿದೆ. ಈಗ ಶ್ರವಣಸಾಧನ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಾನೆ, ನಾನು ಹೇಳುವುದೆಲ್ಲ ಕೇಳುತ್ತಿದೆ ಎಂದು ತಲೆಯಾಡಿಸುತ್ತಿದ್ದಾನೆ.

ತಾಯಂದಿರೇ, ವಾಸನೆಯ ಕೀವು ಬರುವ ಕಿವಿಗೆ ಎಣ್ಣೆ ಬಿಡಬೇಡಿ, ನೀರು ಹೋಗದಂತೆ ನೋಡಿಕೊಂಡು ಕಿವಿ ಡಾಕ್ಟರಿಗೆ ತೋರಿಸಿ. ಸೋರುವ ಕಿವಿಯ ಜೊತೆ ಮುಖ ವಾಲುವುದು, ತಲೆ ಸುತ್ತುವುದು, ಕಿವಿಯ ಹಿಂದೆ ಊತ, ಜ್ವರ ಮತ್ತು ಜೋರು ತಲೆನೋವು, ಇವುಗಳಲ್ಲಿ ಒಂದು ಬಂದರೂ ನಾಳೆಗೆ ಬಿಡದೆ ಅವತ್ತೇ ಹೊರಡಿ. ನಮ್ಮ ಕಾಲದಲ್ಲಿ ಇಲ್ಲದ ಅನುಕೂಲವೂ ಈಗ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವರು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ನೋಡುತ್ತಾರೆ, ಅವರ ಪಟ್ಟಿಯಲ್ಲಿ ಕಿವಿಯೂ ಇದೆ. ಅವರು ಬಂದ ದಿನ ದಯವಿಟ್ಟು ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಬೇಡಿ. ಗುರುಗಳಲ್ಲಿ ನನ್ನ ಬೇಡಿಕೆ ಇಷ್ಟೇ, ಯಾವ ಮಗುವನ್ನಾದರೂ ಮಂದ ಎನ್ನುವ ಮೊದಲು ಅದರ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದು ನೋಡಿ.

ನಮ್ಮ ಬ್ಯಾಚಿನವರು ಸ್ವಾಗತ ಕಮಾನಿಗೆಂದು ಕೂಡಿಸಿದ್ದ ಹಣದ ಬಗ್ಗೆ ನಿನ್ನೆ ರಾತ್ರಿ ಮಾತಾಡಿಕೊಂಡೆವು. ಕಮಾನು ಸದ್ಯಕ್ಕೆ ಬೇಡ ಎಂದಾಗಿದೆ. ಪ್ರತಿ ಜೂನ್‌ನಲ್ಲಿ ಎಂಟನೇ ತರಗತಿಗೆ ಸೇರುವ ಎಲ್ಲ ಮಕ್ಕಳ ಎರಡೂ ಕಿವಿಯನ್ನು ಆಡಿಯೋಮೀಟರಿನಲ್ಲಿ ಪರೀಕ್ಷೆ ಮಾಡಿಸಲು ಆ ಹಣ. ಮುಖ್ಯೋಪಾಧ್ಯಾಯರು ಲ್ಯಾಬಿನ ಕೋಣೆ ಕೊಡಲು ಒಪ್ಪಿದ್ದಾರೆ. ಬೆಳಿಗ್ಗೆ ಅಲ್ಲಿಗೆ ಹೋಗಿದ್ದೆ, ಆ ಶ್ರುತಿಕವೆ ಬೀರುವಿನಲ್ಲಿ ಇನ್ನೂ ಇದೆ, ಸ್ವಲ್ಪ ತುಕ್ಕು ಹಿಡಿದಿದೆ. ಪರೀಕ್ಷೆಯ ದಿನ ಮಕ್ಕಳನ್ನು ಸಾಲಾಗಿ ಕೂರಿಸುವ ಕೆಲಸ ತನ್ನದು ಎಂದು ನನ್ನ ಗೆಳೆಯ ಈಗಲೇ ಹೇಳಿದ್ದಾನೆ.