ಕಾದರೂ ಕೆಡದ ರಬ್ಬರು
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಒಂಬತ್ತನೆಯ ತರಗತಿಯ ಬಾಲಕನೊಬ್ಬನು ಈಚೆಗೆ ನನ್ನನ್ನು ಹೀಗೆ ಕೇಳಿದನು: "ಮಾಸ್ಟ್ರೇ, ಒಡೆದ ಪ್ಲಾಸ್ಟಿಕ್ ಕೊಡವನ್ನು ಕರಗಿಸಿ ಬೇರೊಂದು ವಸ್ತು ಮಾಡುತ್ತಾರೆ. ಸವೆದ ಟಯರನ್ನು ಏಕೆ ಹಾಗೆ ಕರಗಿಸುವುದಿಲ್ಲ?" ಪ್ರಶ್ನೆ ಚಿಕ್ಕದು; ಉತ್ತರ ದೊಡ್ಡದು. ಇಂದು ಅದನ್ನೇ ತಮ್ಮ ಮುಂದಿಡಲು ಬಯಸುತ್ತೇನೆ.

ನಮ್ಮ ಕಾಸರಗೋಡು ಸೀಮೆಯ ಮೂಡಣ ಗುಡ್ಡಗಳಲ್ಲಿ ರಬ್ಬರ್ ತೋಟಗಳನ್ನು ನೀವು ಕಂಡಿದ್ದೀರಿ. ತೊಗಟೆಯನ್ನು ಗೀರಿ, ಒಸರುವ ಹಾಲನ್ನು ಗೆರಟೆಯಲ್ಲಿ ಹಿಡಿದು, ಆಮ್ಲ ಬೆರೆಸಿ ಹೆಪ್ಪುಗಟ್ಟಿಸಿ ಹಾಳೆ ಮಾಡುತ್ತಾರೆ. ಈ ಕಚ್ಚಾ ರಬ್ಬರು ಸೆಕೆಗೆ ಅಂಟಾಗುತ್ತದೆ, ಚಳಿಗೆ ಪೆಡಸಾಗುತ್ತದೆ. 1839ರಲ್ಲಿ ಅಮೇರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬಾತನು, ಗಂಧಕ ಬೆರೆಸಿ ಕಾಸಿದರೆ ಅದು ಗಟ್ಟಿಮುಟ್ಟಾಗುವುದೆಂದು ಕಂಡುಕೊಂಡನು. ರಬ್ಬರಿನ ಅಣುಗಳು ಉದ್ದನೆಯ ಎಳೆಗಳು. ಗಂಧಕವು ಎಳೆಗೂ ಎಳೆಗೂ ಗಂಟು ಹಾಕುತ್ತದೆ. ಬೆಂದ ದೋಸೆ ಮರಳಿ ಹಿಟ್ಟಾಗದಂತೆ, ಗಂಟುಬಿದ್ದ ರಬ್ಬರು ಮರಳಿ ಕರಗದು. ಪ್ಲಾಸ್ಟಿಕ್ ಕೊಡವಾದರೋ ಬೆಲ್ಲದಂತೆ: ಕಾಸಿದರೆ ಕರಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ.

ರಬ್ಬರಿನಂತೆ ಹಿಗ್ಗಿ ಕುಗ್ಗುವ, ಬೆಲ್ಲದಂತೆ ಕರಗುವ ವಸ್ತುವೊಂದು ದೊರಕೀತೆ? ಇದಕ್ಕೆ ಥರ್ಮೋಪ್ಲಾಸ್ಟಿಕ್ ಇಲಾಸ್ಟೊಮರ್ ಎಂದು ಹೆಸರು. 1965ರಲ್ಲಿ ಶೆಲ್ ಕಂಪೆನಿಯು ಇಂತಹದೊಂದನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಗಂಧಕದ ಗಂಟಿಗೆ ಬದಲಾಗಿ ಪಾಲಿಸ್ಟೈರೀನಿನ ಗಟ್ಟಿ ಕಣಗಳು ಎಳೆಗಳನ್ನು ಬಿಗಿಹಿಡಿದಿದ್ದುವು. ಆದರೆ ಸುಮಾರು 100 ಡಿಗ್ರಿ ಸೆಂಟಿಗ್ರೇಡಿಗೆ ಆ ಹಿಡಿತವೇ ಸಡಿಲುವುದು. ಪಾದರಕ್ಷೆಗೆ ಅದು ಸಾಕು. ಮೋಟಾರಿನ ಎಂಜಿನ್ನಿನ ಬಳಿ ಸಾಲದು.

ಮಾನ್ಸಾಂಟೊ ಕಂಪೆನಿಯ ಕೋರನ್ ಮತ್ತು ಪಟೇಲ್ ಎಂಬ ವಿಜ್ಞಾನಿಗಳು ಈ ದಿಸೆಯಲ್ಲಿ ಬಹಳ ದುಡಿದರು. ಕರಗಿದ ಪಾಲಿಪ್ರೊಪಿಲೀನಿನೊಡನೆ ಕೃತಕ ರಬ್ಬರನ್ನು ಕಲಸುತ್ತ ಕಲಸುತ್ತಲೇ ಅದಕ್ಕೆ ಗಂಟು ಹಾಕಿಸಿದರೆ, ರಬ್ಬರು ಅತಿ ಸಣ್ಣ ಕಣಗಳಾಗಿ ಹರಡಿಕೊಳ್ಳುತ್ತದೆ. ನಮ್ಮ ಎಳ್ಳುಂಡೆಯನ್ನು ನೆನೆಯಿರಿ. ಎಳ್ಳು ಕರಗದು, ಬೆಲ್ಲ ಕರಗುವುದು. ಉಂಡೆಯನ್ನು ಮತ್ತೆ ಕಾಸಿ ಬೇರೆ ಆಕಾರ ಕೊಡಬಹುದು. 1981ರಲ್ಲಿ ಸ್ಯಾಂಟೊಪ್ರೀನ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದ ಈ ಬಗೆಯ ವಸ್ತು ಸುಮಾರು 135 ಡಿಗ್ರಿಯವರೆಗೆ ಬಾಳುತ್ತದೆ.

ಅದಕ್ಕೂ ಮೇಲೆ ಹೋಗಬೇಕಾದರೆ? ಪಾಲಿಪ್ರೊಪಿಲೀನು ಸುಮಾರು 165 ಡಿಗ್ರಿಗೆ ಕರಗುವುದು. ಬೆಲ್ಲ ಕರಗಿದಲ್ಲಿಗೆ ಉಂಡೆಯ ಆಯುಸ್ಸು ಮುಗಿಯಿತು. ಆದುದರಿಂದ ಬೆಲ್ಲವನ್ನೇ ಬದಲಿಸಬೇಕು. ಸುಮಾರು 220 ಡಿಗ್ರಿಗೆ ಕರಗುವ ನೈಲಾನನ್ನು ಬೆಲ್ಲವಾಗಿಯೂ, ಬಿಸಿ ಎಣ್ಣೆಗೆ ಜಗ್ಗದ ಅಕ್ರಿಲಿಕ್ ರಬ್ಬರನ್ನು ಎಳ್ಳಾಗಿಯೂ ಬಳಸಿದ ವಸ್ತುಗಳು ಈಗ ಬಂದಿವೆ.

ಕರಗದಿದ್ದರೆ ಮಾತ್ರ ಸಾಲದು. ಕಾವಿನಲ್ಲಿ ಗಾಳಿಯ ಆಮ್ಲಜನಕವು ಎಳೆಗಳನ್ನು ಮೆಲ್ಲನೆ ಕಡಿಯುತ್ತದೆ. ಆದುದರಿಂದ ವಸ್ತುವಿನ ತುಂಡನ್ನು ನಾಲ್ಕನೆಯ ಒಂದು ಪಾಲು ಅದುಮಿ, ಬಿಸಿ ಒಲೆಯಲ್ಲಿ ಬಹುಕಾಲ ಇರಿಸಿ, ಹೊರತೆಗೆದು, ಎಷ್ಟು ಮರಳಿ ಉಬ್ಬಿತೆಂದು ಅಳೆಯುತ್ತಾರೆ. ಉಬ್ಬದ ರಬ್ಬರು ಎಂಜಿನ್ನಿನ ಸಂದಿಯನ್ನು ಮುಚ್ಚಲಾರದು. ಬಿಸಿ ಎಣ್ಣೆ ಸೋರಿ ಬೆಂಕಿ ತಗಲಬಹುದು. ಅಂಗೈಯಲ್ಲಡಗುವ ಒಂದು ಬಳೆಯ ಮೇಲೆ ಪ್ರಯಾಣಿಕರ ಪ್ರಾಣ ನಿಂತಿದೆ.

ಬಾಲಕನ ಪ್ರಶ್ನೆ ಇನ್ನೂ ಪೂರ್ತಿಯಾಗಿ ಮುಗಿದಿಲ್ಲ. ಭಾರವನ್ನೂ ಕಾವನ್ನೂ ಹೊತ್ತು ಓಡುವ ಟಯರುಗಳನ್ನು ಇಂದಿಗೂ ಗುಡ್‌ಇಯರನ ದಾರಿಯಲ್ಲೇ ಮಾಡುತ್ತಾರೆ. ವಿದ್ಯಾರ್ಥಿಗಳೆ, ಆ ಕೆಲಸ ನಿಮಗಾಗಿ ಉಳಿದಿದೆ. ಮಾತಾಪಿತೃಗಳೆ, ಮಕ್ಕಳು ಮನೆಮಾತಿನಲ್ಲಿ "ಏಕೆ?" ಎಂದು ಕೇಳಿದಾಗ ಗದರದಿರಿ. ದೋಸೆ, ಬೆಲ್ಲ, ಎಳ್ಳುಗಳಿಂದಲೇ ವಿಜ್ಞಾನದ ಬಾಗಿಲು ತೆರೆದೀತು.