ಕೊಲೆಸ್ಟರಾಲ್ ಚೀಟಿಯನ್ನು ಓದುವ ಬಗೆ

(ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಗಿರಣಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಗಳಲ್ಲಿ ಮಾಡಿದ ಭಾಷಣ)



2025ರ ಜೂನ್, ಜುಲೈ ತಿಂಗಳುಗಳು ನಿಮ್ಮ ನೆನಪಿನಲ್ಲಿರಬಹುದು. ನೆರೆಯ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳೊಳಗೆ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಹಬ್ಬಿತು. ಚಿಕ್ಕ ವಯಸ್ಸಿನವರೂ ಅವರಲ್ಲಿದ್ದರು. ಸುದ್ದಿ ಬಂದದ್ದೇ ತಡ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತರು. ಸರ್ಕಾರ ತಜ್ಞರ ಸಮಿತಿಯನ್ನು ನೇಮಿಸಿತು. ಸಾವಿನ ಸಂಖ್ಯೆಯಲ್ಲಿ ವಿಪರೀತ ಏರಿಕೆಯೇನೂ ಕಾಣುವುದಿಲ್ಲವೆಂದು ವರದಿ ಬಂತು. ಕಾರಣಗಳೂ ಹಳೆಯವೇ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೊಗೆಬತ್ತಿ, ರಕ್ತದಲ್ಲಿನ ಕೊಬ್ಬು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿಗೇ ತೀರಿಕೊಂಡಾಗಲೂ ಜನ ಹೀಗೆಯೇ ಆಸ್ಪತ್ರೆಗಳಿಗೆ ಧಾವಿಸಿದ್ದರು.

ಹೆದರಿಕೆ ಬಂದಾಗ ನಾವು ರಕ್ತ ಕೊಟ್ಟು ಬರುತ್ತೇವೆ. ಸಂಜೆಗೆ ಚೀಟಿ ಕೈ ಸೇರುತ್ತದೆ. ಆಮೇಲೆ? ಕಬ್ಬು ಬೆಳೆದವನು ಗಿರಣಿಯ ತೂಕದ ಚೀಟಿಯನ್ನು ಎರಡು ಸಲ ಓದುತ್ತಾನೆ, ಒಂದು ಕ್ವಿಂಟಾಲ್ ಆಚೀಚೆಯಾದರೆ ಜಗಳಕ್ಕೆ ನಿಲ್ಲುತ್ತಾನೆ. ಅದೇ ಮನುಷ್ಯ ತನ್ನ ರಕ್ತದ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಾನೆ. ನಕ್ಷತ್ರದ ಗುರುತು ಇದ್ದರೆ ಗಾಬರಿ, ಇಲ್ಲದಿದ್ದರೆ ನೆಮ್ಮದಿ. ಈ ಗಾಬರಿಯೂ ಈ ನೆಮ್ಮದಿಯೂ ಎಷ್ಟೋ ಸಲ ತಪ್ಪು ಜಾಗದಲ್ಲಿ ಬೀಳುತ್ತವೆ ಎಂಬುದನ್ನೇ ಇಂದು ಹೇಳಬೇಕೆಂದು ಬಂದಿದ್ದೇವೆ.

ಮೊದಲು ಆ ವಸ್ತು ಏನೆಂದು ತಿಳಿಯೋಣ. ಕೊಲೆಸ್ಟರಾಲ್ ವಿಷವಲ್ಲ. ಮೈಯ ಪ್ರತಿಯೊಂದು ಜೀವಕೋಶದ ಗೋಡೆಗೂ ಅದು ಬೇಕು, ಪಿತ್ತರಸಕ್ಕೆ ಬೇಕು, ಹಲವು ಹಾರ್ಮೋನುಗಳಿಗೂ ಬೇಕು. ಅದರ ಬಹುಪಾಲು ನಾವು ತಿಂದದ್ದರಿಂದ ಬರುವುದಿಲ್ಲ, ನಮ್ಮ ಮೈಯಲ್ಲೇ ತಯಾರಾಗುತ್ತದೆ. ಯಕೃತ್ತು ಅದರ ದೊಡ್ಡ ಕಾರ್ಖಾನೆ. ಕೊಬ್ಬು ನೀರಿನಲ್ಲಿ ಬೆರೆಯದಾದ್ದರಿಂದ ರಕ್ತದಲ್ಲಿ ಅದನ್ನು ಸಾಗಿಸಲು ಗಾಡಿ ಬೇಕು. ಎಲ್.ಡಿ.ಎಲ್. ಎಂಬುದು ಕಾರ್ಖಾನೆಯಿಂದ ಊರೂರಿಗೆ ಮಾಲು ಒಯ್ಯುವ ಗಾಡಿ. ಎಚ್.ಡಿ.ಎಲ್. ಉಳಿದದ್ದನ್ನು ತುಂಬಿಕೊಂಡು ಹಿಂದಕ್ಕೆ ಬರುವ ಗಾಡಿ. ಟ್ರೈಗ್ಲಿಸರೈಡ್ ಎಂಬುದು ಬೇರೆಯೇ ಜಾತಿಯ ಕೊಬ್ಬು. ಮೈಗೆ ಬೇಕಾದುದಕ್ಕಿಂತ ಹೆಚ್ಚು ತಿಂದ ಅನ್ನ, ಬೆಲ್ಲ, ಸಕ್ಕರೆ, ಕುಡಿದ ಹೆಂಡ ಇವೆಲ್ಲ ಆ ರೂಪ ತಾಳುತ್ತವೆ.

ಹೋಗುವ ಗಾಡಿಗಳು ಮಿತಿಮೀರಿದರೆ ಮಾಲು ದಾರಿಯಲ್ಲೇ ಉಳಿಯುತ್ತದೆ. ರಕ್ತನಾಳದ ಒಳಗೋಡೆಯೊಳಕ್ಕೆ ಎಲ್.ಡಿ.ಎಲ್. ನುಗ್ಗಿ ಅಲ್ಲೇ ಕೂರುತ್ತದೆ. ವರ್ಷಾನುಗಟ್ಟಲೆ ಸೇರಿ ಸೇರಿ ಗಂಟಾಗುತ್ತದೆ. ಒಂದು ದಿನ ಆ ಗಂಟು ಬಿರಿದು ಮೇಲೆ ರಕ್ತ ಹೆಪ್ಪುಗಟ್ಟಿದರೆ ಮುಂದಕ್ಕೆ ರಕ್ತ ಹರಿಯುವುದಿಲ್ಲ. ಹೃದಯದಲ್ಲಾದರೆ ಹೃದಯಾಘಾತ, ಮಿದುಳಿನಲ್ಲಾದರೆ ಲಕ್ವ. ಇಷ್ಟು ವರ್ಷಗಳಲ್ಲಿ ಒಂದು ನೋವಿಲ್ಲ, ಒಂದು ಕೆಮ್ಮಿಲ್ಲ. "ನನಗೇನೂ ಆಗಿಲ್ಲ, ಚೆನ್ನಾಗಿಯೇ ಇದ್ದೇನೆ" ಎಂಬ ಮಾತಿಗೆ ಈ ವಿಷಯದಲ್ಲಿ ಬೆಲೆಯಿಲ್ಲ.

ಇನ್ನು ಚೀಟಿಗೆ ಬರೋಣ. ಅದರಲ್ಲಿ ನಾಲ್ಕು ಮುಖ್ಯ ಅಂಕಿಗಳಿರುತ್ತವೆ. ನೂರು ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಎಂಬುದು ಲೆಕ್ಕ. ಒಟ್ಟು ಕೊಲೆಸ್ಟರಾಲ್ 200ರ ಒಳಗೆ, ಟ್ರೈಗ್ಲಿಸರೈಡ್ 150ರ ಒಳಗೆ, ಎಲ್.ಡಿ.ಎಲ್. 100ರ ಒಳಗೆ ಇರಬೇಕೆಂದೂ, ಎಚ್.ಡಿ.ಎಲ್. ಗಂಡಸರಿಗೆ 40ಕ್ಕೆ, ಹೆಂಗಸರಿಗೆ 50ಕ್ಕೆ ಕಡಿಮೆಯಾಗಬಾರದೆಂದೂ ಸಾಮಾನ್ಯವಾಗಿ ಪಕ್ಕದಲ್ಲಿ ಅಚ್ಚಾಗಿರುತ್ತದೆ. ಎಲ್.ಡಿ.ಎಲ್. ಅನ್ನು ಅನೇಕ ಪ್ರಯೋಗಾಲಯಗಳಲ್ಲಿ ನೇರವಾಗಿ ಅಳೆಯುವುದಿಲ್ಲ. ಒಟ್ಟಿನಲ್ಲಿ ಎಚ್.ಡಿ.ಎಲ್. ಕಳೆದು, ಟ್ರೈಗ್ಲಿಸರೈಡಿನ ಐದನೆಯ ಒಂದು ಭಾಗವನ್ನೂ ಕಳೆದರೆ ಉಳಿದದ್ದೇ ಎಲ್.ಡಿ.ಎಲ್. ಅಂಗಡಿಯ ಲೆಕ್ಕ ಬರೆಯುವವರಿಗೆ ಇದು ಕಷ್ಟವೇ ಅಲ್ಲ. ಟ್ರೈಗ್ಲಿಸರೈಡ್ 400 ದಾಟಿದರೆ ಮಾತ್ರ ಈ ಲೆಕ್ಕ ನಂಬುವಂತಿಲ್ಲ.

ಎರಡು ಚೀಟಿಗಳನ್ನು ಕಲ್ಪಿಸಿಕೊಳ್ಳೋಣ. ಪೇಟೆಬೀದಿಯ ದಿನಸಿ ಅಂಗಡಿಯವರೊಬ್ಬರ ಒಟ್ಟು ಕೊಲೆಸ್ಟರಾಲ್ 196, ಎಚ್.ಡಿ.ಎಲ್. 32, ಟ್ರೈಗ್ಲಿಸರೈಡ್ 240. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳೊಬ್ಬಳ ಒಟ್ಟು 205, ಎಚ್.ಡಿ.ಎಲ್. 70, ಟ್ರೈಗ್ಲಿಸರೈಡ್ 90. ಒಟ್ಟು ಅಂಕಿಯನ್ನೇ ನೋಡಿ ಅಂಗಡಿಯವರು ಸಮಾಧಾನಪಡುತ್ತಾರೆ, ಆ ಹೆಣ್ಣುಮಗಳು ರಾತ್ರಿ ನಿದ್ದೆ ಮಾಡುವುದಿಲ್ಲ. ಈಗ ಲೆಕ್ಕ ಹಾಕಿ. ಅಂಗಡಿಯವರ ಎಲ್.ಡಿ.ಎಲ್. 116, ಅವಳದು 117. ಎರಡೂ ಒಂದೇ ಎನ್ನಬೇಕು. ಆದರೆ ಒಟ್ಟಿನಲ್ಲಿ ಎಚ್.ಡಿ.ಎಲ್. ಒಂದನ್ನೇ ಕಳೆದು ನೋಡಿದರೆ, ಅಂದರೆ ನಾಳಕ್ಕೆ ಕೇಡು ಮಾಡುವ ಗಾಡಿಗಳನ್ನೆಲ್ಲ ಸೇರಿಸಿ ಎಣಿಸಿದರೆ, ಅಂಗಡಿಯವರದು 164, ಅವಳದು 135. ಇದು 130ರ ಒಳಗಿರಬೇಕು. ನಿದ್ದೆಗೆಡಬೇಕಾದವರು ಯಾರು? ಚೀಟಿಯಲ್ಲಿ ನಾನ್ ಎಚ್.ಡಿ.ಎಲ್. ಎಂದು ಕಾಣುವುದು ಇದೇ ಅಂಕಿ. ಅಚ್ಚು ಹಾಕಿಲ್ಲದಿದ್ದರೆ ನೀವೇ ಕಳೆದುಕೊಳ್ಳಿ.

ನಮ್ಮ ದೇಶದಲ್ಲಿ ಅಂಗಡಿಯವರ ಬಗೆಯ ಚೀಟಿಯೇ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ವಯಸ್ಕರಲ್ಲಿ ನೂರಕ್ಕೆ 81 ಮಂದಿಗೆ ರಕ್ತದ ಕೊಬ್ಬಿನ ಯಾವುದಾದರೂ ಒಂದು ಅಂಕಿ ಸರಿಯಿಲ್ಲ ಎಂದು ಅದರಲ್ಲಿದೆ. ಹಿಂದಕ್ಕೆ ಬರುವ ಗಾಡಿ ಕಡಿಮೆ, ಟ್ರೈಗ್ಲಿಸರೈಡ್ ಹೆಚ್ಚು: ಇದು ನಮ್ಮವರ ಲಕ್ಷಣ. ಆದುದರಿಂದ ಒಟ್ಟು ಅಂಕಿ 200ರ ಒಳಗಿದೆ ಎಂದು ಸಂತೋಷಪಡುವುದಕ್ಕೆ ನಮಗೆ ಅವಕಾಶ ಕಡಿಮೆ.

ಈಗ ಮುಖ್ಯ ಮಾತು. ಪಕ್ಕದಲ್ಲಿ ಅಚ್ಚಾದ "ನಾರ್ಮಲ್" ಎಲ್ಲರಿಗೂ ಒಂದೇ ಅಲ್ಲ. ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರ ಜುಲೈನಲ್ಲಿ ನಮ್ಮ ದೇಶದವರಿಗೆಂದೇ ಮಾರ್ಗಸೂಚಿ ಹೊರಡಿಸಿತು. ಬೇರೆ ಕಾಯಿಲೆಯಿಲ್ಲದವನಿಗೆ ಎಲ್.ಡಿ.ಎಲ್. 100ರ ಒಳಗಿದ್ದರೆ ಸಾಕು. ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇದ್ದವನಿಗೆ 70ರ ಒಳಗಿರಬೇಕು. ಒಮ್ಮೆ ಹೃದಯಾಘಾತವಾದವನಿಗೆ, ಲಕ್ವ ಹೊಡೆದವನಿಗೆ, ಮೂತ್ರಪಿಂಡದ ದೀರ್ಘ ಕಾಯಿಲೆಯವನಿಗೆ 55ರ ಒಳಗಿರಬೇಕು. ಚೀಟಿ ಅಚ್ಚು ಮಾಡುವ ಯಂತ್ರಕ್ಕೆ ನೀವು ಯಾರೆಂದು ಗೊತ್ತಿಲ್ಲ. ನೀವು ಬೀಡಿ ಸೇದುವುದು, ನಿಮ್ಮ ತಂದೆ ಐವತ್ತಕ್ಕೇ ಎದೆ ಹಿಡಿದುಕೊಂಡು ಹೋದದ್ದು, ಯಾವುದೂ ಅದಕ್ಕೆ ತಿಳಿಯದು.

ಇದರಿಂದಾಗುವ ಅನಾಹುತ ಒಂದೇ ಬಗೆಯದು. ಮೈಸೂರಿಗೋ ಬೆಂಗಳೂರಿಗೋ ಹೋಗಿ ಸ್ಟೆಂಟ್ ಹಾಕಿಸಿಕೊಂಡು ಬರುತ್ತಾರೆ. ಆರು ತಿಂಗಳು ಮಾತ್ರೆ ನುಂಗುತ್ತಾರೆ. ಊರಿನಲ್ಲೇ ರಕ್ತ ಪರೀಕ್ಷೆ ಮಾಡಿಸಿದಾಗ ಎಲ್.ಡಿ.ಎಲ್. 92 ಎಂದು ಬರುತ್ತದೆ, ಪಕ್ಕದಲ್ಲಿ ನಕ್ಷತ್ರ ಇರುವುದಿಲ್ಲ. "ನಾರ್ಮಲ್ ಆಯ್ತಲ್ಲ ಮಾರಾಯ, ಇನ್ನು ಮಾತ್ರೆ ಯಾಕೆ?" ಎಂದು ಜೊತೆಗಾರರೇ ಹೇಳುತ್ತಾರೆ, ಮಾತ್ರೆ ನಿಲ್ಲುತ್ತದೆ. ಆ 92 ಅವರ ಪಾಲಿಗೆ ನಾರ್ಮಲ್ ಅಲ್ಲ. ಅವರಿಗೆ ಬೇಕಾದದ್ದು 55. ಅದೂ ಮಾತ್ರೆಯಿಂದ ಬಂದ 92, ಬಿಟ್ಟರೆ ಕೆಲವೇ ವಾರಗಳಲ್ಲಿ ಮೊದಲಿದ್ದಲ್ಲಿಗೇ ಏರುತ್ತದೆ. ಬೋರಿನ ಮೋಟಾರು ಓಡುತ್ತಿರುವುದರಿಂದ ಗದ್ದೆಗೆ ನೀರು ಬರುತ್ತಿದೆ. ನೀರು ಬಂತಲ್ಲ ಎಂದು ಮೋಟಾರು ನಿಲ್ಲಿಸಿದ ಹಾಗೆ. ಹೀಗೆ ಬಿಟ್ಟವರ ಮನೆಯಲ್ಲಿ ಎರಡನೆಯ ಆಘಾತವಾದರೆ ಸಂಬಳವೂ ಹೋಯಿತು, ಅಂಗಡಿಯ ಬಾಗಿಲೂ ಮುಚ್ಚಿತು. ಸ್ವಲ್ಪ ಕಟುವಾಗಿಯೇ ಹೇಳುತ್ತಿದ್ದೇವೆ, ಕ್ಷಮಿಸಿ.

ಆ ಮಾತ್ರೆಯ ಹೆಸರು ಸ್ಟಾಟಿನ್. ಅದರ ಹುಟ್ಟು ಅಕ್ಕಿ ಗಿರಣಿಯವರಿಗೆ ರುಚಿಸುವಂಥ ಕಥೆ. ಜಪಾನಿನ ಅಕಿರಾ ಎಂಡೋ ಎಂಬ ವಿಜ್ಞಾನಿ ಸುಮಾರು 6000 ಬೂಷ್ಟು, ಸೂಕ್ಷ್ಮಜೀವಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. 1973ರಲ್ಲಿ ಬೇಕಾದ ಪದಾರ್ಥ ಸಿಕ್ಕಿದ್ದು ಕ್ಯೋಟೋ ನಗರದ ಧಾನ್ಯದಂಗಡಿಯೊಂದರ ಅಕ್ಕಿಯ ಮೇಲೆ ಬೆಳೆದಿದ್ದ ಬೂಷ್ಟಿನಲ್ಲಿ! ಯಕೃತ್ತಿನ ಕಾರ್ಖಾನೆಯನ್ನು ಅದು ಸ್ವಲ್ಪ ತಗ್ಗಿಸುತ್ತದೆ. ಆಗ ಯಕೃತ್ತು ರಕ್ತದಲ್ಲಿರುವ ಎಲ್.ಡಿ.ಎಲ್. ಅನ್ನೇ ಹೆಚ್ಚು ಹೆಚ್ಚಾಗಿ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹೀಗೆ ಎಳೆದುಕೊಳ್ಳುವ ಕೊಂಡಿಯನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಂಬ ಅಮೆರಿಕದ ವೈದ್ಯರಿಗೆ 1985ರಲ್ಲಿ ನೊಬೆಲ್ ಬಹುಮಾನ ಬಂತು. ಪ್ರಮಾಣಕ್ಕೆ ತಕ್ಕಂತೆ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಎಲ್.ಡಿ.ಎಲ್. ಇಳಿಯುತ್ತದೆ. ಕೆಲವರಿಗೆ ಮಾಂಸಖಂಡಗಳಲ್ಲಿ ನೋವು ಬರಬಹುದು. ಆಗ ವೈದ್ಯರಿಗೆ ಹೇಳಿದರೆ ಪ್ರಮಾಣವನ್ನೋ ಮಾತ್ರೆಯನ್ನೋ ಬದಲಾಯಿಸುತ್ತಾರೆ. ಬಸುರಿಯರು ಅಥವಾ ಬಸುರಾಗಬೇಕೆಂದಿರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಜನೌಷಧಿ ಅಂಗಡಿಗಳಲ್ಲಿ ಇದು ಅಗ್ಗ. ಇ.ಎಸ್.ಐ. ಚೀಟಿ ಇರುವ ಕಾರ್ಮಿಕರು ಅಲ್ಲಿಯೇ ಕೇಳಿ ಪಡೆಯಬೇಕು. ಅದು ಧರ್ಮಕ್ಕೆ ಕೊಡುವುದಲ್ಲ, ನಿಮ್ಮ ಸಂಬಳದಿಂದ ಮುರಿದುಕೊಂಡ ಹಣ.

ಊಟದ ವಿಷಯ. ಕೊಲೆಸ್ಟರಾಲ್ ಎಂದ ಕೂಡಲೇ ಮೊಟ್ಟೆಯನ್ನು ಗಲ್ಲಿಗೇರಿಸುತ್ತಾರೆ. ದಿನಕ್ಕೊಂದು ಮೊಟ್ಟೆಯಿಂದ ಹೆಚ್ಚಿನವರಿಗೆ ಕೇಡಿಲ್ಲ. ತಟ್ಟೆಯಲ್ಲಿ ಗುಡ್ಡೆಯಾಗಿ ಬೀಳುವ ಅನ್ನವನ್ನು, ದಿನಕ್ಕೆ ಐದು ಲೋಟ ಸಕ್ಕರೆ ಚಹಾವನ್ನು ಯಾರೂ ಕೇಳುವುದಿಲ್ಲ. ನಾಲೆಯ ನೀರು ಬಂದು ಭತ್ತ, ಕಬ್ಬು ಬೆಳೆದ ಸೀಮೆ ನಮ್ಮದು. ಅನ್ನ, ಬೆಲ್ಲ ಎರಡೂ ಮನೆಯಲ್ಲಿ ಧಾರಾಳ. ಮುದ್ದೆ ಒಳ್ಳೆಯದು, ಆದರೆ ಅದರ ಜೊತೆಗೆ ಬಸ್ಸಾರು, ಸೊಪ್ಪು, ಹುರುಳಿ, ಅವರೆ ಇರಬೇಕು. ಮುದ್ದೆಯ ಮೇಲೆ ಅಷ್ಟೇ ಅನ್ನ ಹೊಡೆದರೆ ಮುದ್ದೆ ಉಂಡ ಪುಣ್ಯ ಉಳಿಯದು. ನಮ್ಮ ಮಂಡ್ಯದ ಕುರಿಯ ಮಾಂಸಕ್ಕೆ ಹೆಸರಿದೆ, ಆ ರುಚಿ ಬಂದದ್ದು ಅದರ ಕೊಬ್ಬಿನಿಂದ. ಹಬ್ಬಕ್ಕೆ, ಬೀಗರೂಟಕ್ಕೆ ಬೇಡವೆಂದರೆ ನಮ್ಮ ಮಾತನ್ನು ಯಾರು ಕೇಳುತ್ತಾರೆ! ವಾರ ವಾರವೂ ಬೇಡ, ಕಣ್ಣಿಗೆ ಕಾಣುವ ಕೊಬ್ಬನ್ನು ಕತ್ತರಿಸುವಾಗಲೇ ತೆಗೆಸಿ, ತೇಲುವ ಜಿಡ್ಡನ್ನು ಸೌಟಿನಿಂದ ತೆಗೆಯಿರಿ. ಮದ್ದೂರು ವಡೆ ಪ್ರಯಾಣದ ದಿನ ಒಂದಾದರೆ ಅಡ್ಡಿಯಿಲ್ಲ, ನಿತ್ಯದ ತಿಂಡಿಯಾಗಬಾರದು.

ವಡೆ, ಬೋಂಡ ಕರಿಯುವ ಮಿತ್ರರಿಗೆ ಒಂದು ಮಾತು. ಒಂದೇ ಎಣ್ಣೆಯನ್ನು ಕಪ್ಪಗಾಗುವವರೆಗೆ ಕಾಯಿಸುವುದು ತಿನ್ನುವವನಿಗಿಂತ ಮೊದಲು ಹೊಗೆ ಕುಡಿಯುವ ನಿಮಗೇ ಕೆಟ್ಟದ್ದು. ಹಳಸಿದ ಕರಿದೆಣ್ಣೆಗೆ 2018ರಿಂದ ಕಾನೂನಿನ ಮಿತಿಯೂ ಇದೆ. ದಿನಸಿ ಅಂಗಡಿಯವರಿಗೆ ಇನ್ನೊಂದು. ಎಣ್ಣೆಯ ಡಬ್ಬದ ಮೇಲೆ "ಕೊಲೆಸ್ಟರಾಲ್ ಇಲ್ಲ" ಎಂದು ದೊಡ್ಡದಾಗಿ ಬರೆದಿರುತ್ತದೆ. ಯಾವ ಗಿಡದ ಎಣ್ಣೆಯಲ್ಲೂ ಕೊಲೆಸ್ಟರಾಲ್ ಎನ್ನುವಷ್ಟು ಇರುವುದೇ ಇಲ್ಲ! ಇಲ್ಲದ್ದನ್ನು ಇಲ್ಲವೆಂದು ಹೇಳಿ ಬೆಲೆ ಏರಿಸುವುದು ದೊಡ್ಡ ಕಂಪನಿಗಳ ಜಾಣತನ. ತಾಳೆ ಎಣ್ಣೆ, ಕೊಬ್ಬರಿ ಎಣ್ಣೆಗಳಲ್ಲೂ ಕೊಲೆಸ್ಟರಾಲ್ ಇಲ್ಲ, ಆದರೆ ಎಲ್.ಡಿ.ಎಲ್. ಏರಿಸುವ ಗಟ್ಟಿ ಜಾತಿಯ ಕೊಬ್ಬು ಅವುಗಳಲ್ಲಿ ಹೆಚ್ಚು. ಯಾವ ಎಣ್ಣೆಯೇ ಆಗಲಿ, ತಲೆಗೆ ತಿಂಗಳಿಗೆ ಅರ್ಧ ಲೀಟರಿನ ಸುಮಾರಿಗೆ ನಿಲ್ಲಿಸಿದರೆ ಆರೋಗ್ಯವೂ ಉಳಿಯಿತು, ಕಾಸೂ ಉಳಿಯಿತು. ರಕ್ತನಾಳದ ಬ್ಲಾಕ್ ಕರಗಿಸುತ್ತೇವೆಂದು ಸಂತೆಯಲ್ಲೂ ಫೋನಿನಲ್ಲೂ ಮಾರುವ ಕಷಾಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ ದುಡ್ಡಿನಲ್ಲಿ ತಿಂಗಳುಗಟ್ಟಲೆ ಮಾತ್ರೆ ಬರುತ್ತದೆ.

ಹಿಂದಕ್ಕೆ ಬರುವ ಗಾಡಿಯನ್ನು ಹೆಚ್ಚಿಸುವ ಮಾತ್ರೆಗಳಿಂದ ಹೃದಯಕ್ಕೆ ಲಾಭ ಕಂಡಿಲ್ಲ. ಬೀಡಿ ಬಿಡುವುದು, ನಡೆಯುವುದು, ಹೊಟ್ಟೆ ಇಳಿಸುವುದು, ಇವೇ ದಾರಿ. ಪಾಳಿ ಮುಗಿಸಿ ಬಂದವರು, "ದಿನವೆಲ್ಲ ನಿಂತೇ ಇರುತ್ತೇವಲ್ಲ" ಎನ್ನುತ್ತಾರೆ. ನಿಲ್ಲುವುದು ನಡೆದಂತಲ್ಲ. ವಾರಕ್ಕೆ 150 ನಿಮಿಷ ಉಸಿರು ಸ್ವಲ್ಪ ಬಿಗಿಯಾಗುವಂತೆ ನಡೆಯಬೇಕು. ರಾತ್ರಿ ಪಾಳಿಯವನಿಗೆ ಇದು ಸುಲಭವಲ್ಲವೆಂದು ನಮಗೂ ಗೊತ್ತು. ಬಸ್ಸನ್ನು ಒಂದು ನಿಲ್ದಾಣ ಮೊದಲೇ ಇಳಿದರೂ ಲೆಕ್ಕಕ್ಕೆ ಬರುತ್ತದೆ.

ಕೆಲವು ಸಣ್ಣ ವಿಷಯಗಳು ಉಳಿದಿವೆ. ಮೊದಲ ಪರೀಕ್ಷೆಗೆ ಉಪವಾಸ ಬೇಕೇ ಬೇಕೆಂದಿಲ್ಲ; ಟ್ರೈಗ್ಲಿಸರೈಡ್ ಬಹಳ ಬಂದರೆ ಮಾತ್ರ ರಾತ್ರಿ ಊಟದ ನಂತರ ಸುಮಾರು 12 ಗಂಟೆ ಬಿಟ್ಟು ಮತ್ತೆ ಕೊಡಿ. ಅದು 500 ದಾಟಿದರೆ ಮೇದೋಜೀರಕ ಗ್ರಂಥಿಗೇ ಅಪಾಯ, ಹೆಂಡವನ್ನು ಆ ದಿನವೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಜೋರು ಜ್ವರದಲ್ಲಿ ಪರೀಕ್ಷೆ ಮಾಡಿಸಬೇಡಿ, ಅಂಕಿ ಸುಳ್ಳಾಗಿ ಇಳಿದಿರುತ್ತದೆ. ಎಲ್.ಡಿ.ಎಲ್. ಏರಿದ್ದರೆ ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ. ಆ ಗ್ರಂಥಿ ಸೋತರೂ ಇದು ಏರುತ್ತದೆ. 190 ದಾಟಿದ್ದರೆ ಅದು ವಂಶದಲ್ಲೇ ಬಂದದ್ದಿರಬಹುದು, ಊಟದ ಪಥ್ಯವೊಂದರಿಂದ ಇಳಿಯದು. ಆಗ ಅಣ್ಣತಮ್ಮಂದಿರ, ಮಕ್ಕಳ ರಕ್ತವನ್ನೂ ನೋಡಿಸಬೇಕು. ಉಳಿದವರು 18 ವರ್ಷಕ್ಕೇ ಒಮ್ಮೆ ನೋಡಿಸಿಕೊಳ್ಳಲಿ ಎಂದು ತಜ್ಞರ ಸಲಹೆ. ಎದೆ ಹಿಂಡಿದಂತಾಗಿ ಬೆವರಿದರೆ ಮಾತ್ರ ಚೀಟಿ, ಲೆಕ್ಕ ಎಲ್ಲ ಬದಿಗಿರಲಿ. ಗ್ಯಾಸ್ಟ್ರಿಕ್ ಎಂದು ಸೋಡ ಕುಡಿಯುತ್ತ ಕೂರದೆ 108ಕ್ಕೆ ಕರೆ ಮಾಡಿ, ಇ.ಸಿ.ಜಿ. ತೆಗೆಯುವ ಹತ್ತಿರದ ಆಸ್ಪತ್ರೆ ಸೇರಿ.

ಮಾತ್ರೆ ಶುರುವಾದ ಮೇಲೆ ಒಂದರಿಂದ ಮೂರು ತಿಂಗಳೊಳಗೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ಆಮೇಲೆ ವರ್ಷಕ್ಕೊಂದು ಎರಡು ಸಲ. ಹಳೆಯ ಚೀಟಿಗಳನ್ನು ಬಿಸಾಡಬೇಡಿ. ಒಂದರ ಹಿಂದೆ ಒಂದು ಪಿನ್ನು ಮಾಡಿ, ಮೇಲಿನ ಮೂಲೆಯಲ್ಲಿ "ನನಗೆ ಬೇಕಾದ ಎಲ್.ಡಿ.ಎಲ್. ಇಷ್ಟು" ಎಂದು ವೈದ್ಯರ ಕೈಯಲ್ಲೇ ಬರೆಸಿಕೊಳ್ಳಿ.